ಇಂದಿನ ಧಮ್ಮ ಚಿಂತನೆ: ಹಳೆಯ ಒಡೆಯನ ಮನೆಗೆ ಹೋದ ಫ್ರೆಡರಿಕ್ ಡಗ್ಲಾಸ್



ಮೆತ್ತಾ ಭಾವನೆ ಮಾಡುವಾಗ ಮೊದಲು ನಮಗೆ ನಾವೇ ಒಳಿತು ಬಯಸುತ್ತೇವೆ. ಆಮೇಲೆ ಪ್ರೀತಿಪಾತ್ರರಿಗೆ, ಆಮೇಲೆ ಮುಖಪರಿಚಯವಷ್ಟೇ ಇರುವವರಿಗೆ. ಅಲ್ಲಿಯವರೆಗೆ ತೊಂದರೆಯಿಲ್ಲ. ನಾಲ್ಕನೆಯದಾಗಿ ನಮಗೆ ಕೇಡು ಮಾಡಿದವರಿಗೆ ಎಂದಾಗ ಹಲವರ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟವನ ಮುಖ, ಅಪ್ಪನನ್ನು ಏಕವಚನದಲ್ಲಿ ಕೂಗುತ್ತಿದ್ದ ಚಿಕ್ಕ ಹುಡುಗನ ಮುಖ, ಕೂಲಿ ಕೇಳಿದ್ದಕ್ಕೆ ಕೈ ಎತ್ತಿದವನ ಮುಖ ಕಣ್ಣಮುಂದೆ ಬರುತ್ತದೆ. ಇವರನ್ನು ಕ್ಷಮಿಸಿದರೆ ಆದದ್ದನ್ನೆಲ್ಲ ಸರಿ ಎಂದು ಒಪ್ಪಿಕೊಂಡಂತೆ ಆಗುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಹಳೆಯದನ್ನೆಲ್ಲ ಮರೆತುಬಿಡಿ ಎಂದು ನಮಗೆ ಬುದ್ಧಿ ಹೇಳುವವರು ಬಹುಮಟ್ಟಿಗೆ ಆ ಹಳೆಯದರಲ್ಲಿ ಏನನ್ನೂ ಕಳೆದುಕೊಂಡವರಲ್ಲ.

ಆದ್ದರಿಂದ ಇಂದು, ಕಳೆದುಕೊಂಡವರ ಸಾಲಿನಲ್ಲೇ ಹುಟ್ಟಿದ ಒಬ್ಬರ ಬದುಕನ್ನು ನೋಡೋಣ. ಅವರು ಅಮೆರಿಕದ ಕಪ್ಪು ಜನರ ನಾಯಕ ಫ್ರೆಡರಿಕ್ ಡಗ್ಲಾಸ್. ಅವರ ಜನರ ಕಥೆ ನಮಗೆ ಹೊರಗಿನದಲ್ಲ. ಮಹಾತ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ಗುಲಾಮಗಿರಿ ಪುಸ್ತಕವನ್ನು ಅರ್ಪಿಸಿದ್ದು ಕರಿಯರನ್ನು ದಾಸ್ಯದಿಂದ ಬಿಡಿಸಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ ಓದಿದವರು. ಮುಂದೆ ಅಲ್ಲಿನ ಗುಲಾಮಗಿರಿಯನ್ನೂ ಇಲ್ಲಿನ ಅಸ್ಪೃಶ್ಯತೆಯನ್ನೂ ಎದುರುಬದುರು ಇಟ್ಟು ವಿವರವಾಗಿ ಬರೆದರು.

ಡಗ್ಲಾಸ್ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದಲ್ಲಿ. ತಾಯಿ ಹ್ಯಾರಿಯೆಟ್ ಬೇಲಿ. ತಂದೆ ಬಿಳಿಯನೆಂಬ ಮಾತಿತ್ತು, ಯಾರೆಂದು ಖಚಿತವಿರಲಿಲ್ಲ. ತಾಯಿಯನ್ನು 12 ಮೈಲಿ ದೂರದ ಹೊಲಕ್ಕೆ ದುಡಿಯಲು ಕಳಿಸಿದ್ದರು. ಹಗಲೆಲ್ಲ ಗೇಯ್ದು, ರಾತ್ರಿ ನಡೆದು ಬಂದು, ಮಗನ ಪಕ್ಕ ಸ್ವಲ್ಪ ಹೊತ್ತು ಮಲಗಿ, ಬೆಳಗಾಗುವ ಮೊದಲೇ ಆಕೆ ಹಿಂತಿರುಗಬೇಕಿತ್ತು. ಹಾಗೆ ಬಂದದ್ದು ಕೆಲವೇ ಸಲ. ಮಗನಿಗೆ ಏಳು ವರ್ಷವಾಗುವ ಹೊತ್ತಿಗೆ ಆಕೆ ತೀರಿಕೊಂಡರು. ಸಾಕಿದ್ದು ಅಜ್ಜಿ ಬೆಟ್ಸಿ. ಒಂದು ದಿನ ಅಜ್ಜಿ ಮೊಮ್ಮಗನ ಕೈಹಿಡಿದು ಒಡೆಯನ ದೊಡ್ಡ ತೋಟದ ಮನೆಗೆ ನಡೆಸಿಕೊಂಡು ಬಂದರು. ಆತ ಬೇರೆ ಮಕ್ಕಳನ್ನು ನೋಡುತ್ತ ನಿಂತಿದ್ದಾಗ ಹೇಳದೆ ಹೊರಟುಹೋದರು. ಹೇಳುವ ಶಕ್ತಿ ಆ ಮುದುಕಿಗೆ ಎಲ್ಲಿಂದ ಬರಬೇಕು.

ಅಲ್ಲಿ ಮಕ್ಕಳಿಗೆ ಜೋಳದ ಅಂಬಲಿಯನ್ನು ಹಂದಿಗಳಿಗೆ ಸುರಿಯುವ ಹಾಗೆ ಮರದ ದೋಣಿಗೆ ಸುರಿಯುತ್ತಿದ್ದರು. ಬೇಗ ತಿಂದವನಿಗೆ ಹೆಚ್ಚು. ಮೈಮೇಲೆ ಮೊಳಕಾಲಿನವರೆಗಿನ ಒಂದು ಒರಟು ಅಂಗಿ, ಅಷ್ಟೇ. ಚಳಿಗಾಲದಲ್ಲಿ ಹುಡುಗ ಜೋಳದ ಚೀಲವೊಂದನ್ನು ಕದ್ದು, ತಲೆಯನ್ನು ಅದರೊಳಗೆ ತೂರಿಸಿ ಮಲಗುತ್ತಿದ್ದ. ಪಾದಗಳು ಹೊರಗಿರುತ್ತಿದ್ದವು. ಹಿಮಕ್ಕೆ ಅವು ಎಷ್ಟು ಒಡೆದಿದ್ದವೆಂದರೆ, ಬರೆಯುವ ಲೇಖನಿಯನ್ನು ಆ ಬಿರುಕಿನಲ್ಲಿ ಇಡಬಹುದಿತ್ತು ಎಂದು ಮುಂದೆ ಲೇಖಕರಾದ ಮೇಲೆ ಅವರೇ ನೆನೆಯುತ್ತಾರೆ.

ಒಡೆಯ ಸತ್ತಾಗ ಆಸ್ತಿ ಪಾಲಾಯಿತು. ಕುದುರೆ, ಕುರಿ, ಹಂದಿಗಳ ಜೊತೆ ಸಾಲಿನಲ್ಲಿ ನಿಲ್ಲಿಸಿ ಈ ಹುಡುಗನಿಗೂ ಬೆಲೆ ಕಟ್ಟಿದರು. ಆತ ಒಡೆಯನ ಮಗಳ ಪಾಲಿಗೆ ಬಂದ. ಆಕೆ ಬೇಗ ತೀರಿಕೊಂಡದ್ದರಿಂದ ಆಕೆಯ ಗಂಡ ಥಾಮಸ್ ಆಲ್ಡ್ ಒಡೆಯನಾದ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಹುಡುಗ ಅಕ್ಷರ ಕಲಿತದ್ದು ಬಾಲ್ಟಿಮೋರ್ ನಗರದಲ್ಲಿ, ಥಾಮಸನ ತಮ್ಮ ಹ್ಯೂ ಆಲ್ಡ್‌ನ ಮನೆಯಲ್ಲಿ. ಹ್ಯೂನ ಹೆಂಡತಿ ಸೋಫಿಯಾ ಅಕ್ಷರಮಾಲೆ ಹೇಳಿಕೊಡಲು ತೊಡಗಿದ್ದಳು. ಗಂಡ ತಡೆದ, ಓದು ಬಂದರೆ ಗುಲಾಮ ಕೆಲಸಕ್ಕೆ ಬಾರದವನಾಗುತ್ತಾನೆ ಎಂಬುದು ಅವನ ವಾದ. ಶೂದ್ರಾತಿಶೂದ್ರರ ಕಿವಿಗೆ ಅಕ್ಷರ ಬೀಳಬಾರದೆಂದ ನಮ್ಮ ನಾಡಿನ ಶಾಸ್ತ್ರಕಾರರನ್ನು ಅವನು ಓದಿರಲಿಲ್ಲ, ಆದರೆ ಒಡೆತನದ ಬುದ್ಧಿ ಎಲ್ಲ ಕಡೆ ಒಂದೇ ಲೆಕ್ಕ ಹಾಕುತ್ತದೆ. ಆ ಮಾತು ಕೇಳಿಸಿಕೊಂಡ ಹುಡುಗನಿಗೆ ಬಿಡುಗಡೆಯ ದಾರಿ ಯಾವುದೆಂದು ಅಂದೇ ತಿಳಿಯಿತು. ಬೀದಿಯ ಬಡ ಬಿಳಿ ಹುಡುಗರಿಗೆ ರೊಟ್ಟಿ ಕೊಟ್ಟು ಬದಲಿಗೆ ಪಾಠ ಹೇಳಿಸಿಕೊಂಡ. 50 ಸೆಂಟ್ ಕೂಡಿಸಿ ಮೊದಲ ಪುಸ್ತಕ ಕೊಂಡ.

1833ರಲ್ಲಿ ಥಾಮಸ್ ಆಲ್ಡ್ ಅವನನ್ನು ಸೇಂಟ್ ಮೈಕಲ್ಸ್ ಎಂಬ ತನ್ನ ಊರಿಗೆ ವಾಪಸು ಕರೆಸಿಕೊಂಡ. ಅಲ್ಲಿ ದಿನದಿನದ ಹಸಿವು ಮತ್ತೆ ಕಾಡಿತು. ಆ ವರ್ಷವೇ ಥಾಮಸ್ ಒಂದು ಧಾರ್ಮಿಕ ಶಿಬಿರಕ್ಕೆ ಹೋಗಿ ದೊಡ್ಡ ಭಕ್ತನಾಗಿ ಮರಳಿದ. ಇನ್ನಾದರೂ ಮೆತ್ತಗಾದಾನು ಎಂದು ಗುಲಾಮರು ಆಸೆಪಟ್ಟರು. ಭಕ್ತಿ ಹೆಚ್ಚಿತು, ಹೊಡೆತವೂ ಹೆಚ್ಚಿತು. ಚಿಕ್ಕಂದಿನಲ್ಲಿ ಬೆಂಕಿಗೆ ಬಿದ್ದು ಕೈ ಸುಟ್ಟುಕೊಂಡಿದ್ದ ಹೆನ್ನಿ ಎಂಬ ಹುಡುಗಿಯನ್ನು ಕಟ್ಟಿಹಾಕಿ, ಧರ್ಮಗ್ರಂಥದ ಮಾತು ಹೇಳುತ್ತಲೇ ಚಾವಟಿಯಿಂದ ಬಾರಿಸುತ್ತಿದ್ದ. ಆ ಕೈಗಳಿಂದ ಹೆಚ್ಚು ಕೆಲಸ ಆಗುತ್ತಿರಲಿಲ್ಲ, ಅದೇ ಅವಳ ಅಪರಾಧ. ಫ್ರೆಡರಿಕ್ ತನ್ನವರಿಗೆ ಓದಲು ಕಲಿಸುತ್ತಿದ್ದ ಭಾನುವಾರದ ಶಾಲೆಗೆ ಇದೇ ಭಕ್ತರು ದೊಣ್ಣೆ ಹಿಡಿದು ನುಗ್ಗಿ ಮುಚ್ಚಿಸಿದರು.

ಹುಡುಗ ಬಗ್ಗುತ್ತಿಲ್ಲವೆಂದು ಥಾಮಸ್ ಅವನನ್ನು 1834ರಲ್ಲಿ ಒಂದು ವರ್ಷದ ಮಟ್ಟಿಗೆ ಎಡ್ವರ್ಡ್ ಕೊವೆ ಎಂಬವನಿಗೆ ಒಪ್ಪಿಸಿದ. ಹೋರಿ ಪಳಗಿಸುವಂತೆ ಗುಲಾಮರನ್ನು ಪಳಗಿಸುವುದರಲ್ಲಿ ಕೊವೆ ಹೆಸರಾದವನು. ಮೊದಲ ಆರು ತಿಂಗಳು ಏಟು ಬೀಳದ ವಾರವೇ ಇರಲಿಲ್ಲ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಗೋಧಿ ತೂರುವ ಕಣದಲ್ಲಿ ಹುಡುಗ ಕುಸಿದು ಬಿದ್ದ. ಕೊವೆ ಒದ್ದ, ಮರದ ಪಟ್ಟಿಯಿಂದ ತಲೆಗೆ ಹೊಡೆದ. ರಕ್ತ ಸುರಿಯುವ ತಲೆಯಲ್ಲಿ, ಬರಿಗಾಲಲ್ಲಿ, 7 ಮೈಲಿ ನಡೆದು ಆತ ಥಾಮಸ್ ಆಲ್ಡ್‌ನ ಬಾಗಿಲಿಗೆ ಬಂದು ನಿಂತ. ತನ್ನನ್ನು ಕಾಪಾಡಬೇಕೆಂದು, ಬೇರೆ ಯಾರ ಬಳಿಗಾದರೂ ಕಳಿಸಬೇಕೆಂದು ಬೇಡಿಕೊಂಡ. ಥಾಮಸ್ ನೋಡಿದ, ಒಂದು ಕ್ಷಣ ಕಲಕಿದಂತೆಯೂ ಕಂಡ. ಆಮೇಲೆ ಲೆಕ್ಕ ನೆನಪಾಯಿತು: ಕರಾರು ಮುರಿದರೆ ವರ್ಷದ ಬಾಡಿಗೆ ಹೋಗುತ್ತದೆ. ಬೆಳಗಾಗುತ್ತಲೇ ಕೊವೆಯ ಬಳಿಗೆ ಹಿಂತಿರುಗು ಎಂದ.

ಡಗ್ಲಾಸ್ ಅವರ ಬದುಕಿನಲ್ಲಿ ಎಷ್ಟೋ ಏಟುಗಳಿವೆ. ನನ್ನ ಮಟ್ಟಿಗೆ ಈ ಬಾಗಿಲೇ ದೊಡ್ಡ ಗಾಯ. ಹೊಡೆದವನಿಗಿಂತ, ರಕ್ತ ಕಂಡೂ ವಾಪಸು ಕಳಿಸಿದವನನ್ನು ಕ್ಷಮಿಸುವುದು ಕಷ್ಟ. ನಮ್ಮಲ್ಲೂ ದೂರು ಹೊತ್ತು ಹೋದ ಎಷ್ಟು ಜನ ಇಂಥ ಬಾಗಿಲಿನಿಂದ ಮರಳಿಲ್ಲ!

ವಾಪಸು ಹೋದ ಹುಡುಗ ಮುಂದಿನ ಸಲ ಕೊವೆ ಕೈಯೆತ್ತಿದಾಗ ಅವನ ಕುತ್ತಿಗೆ ಪಟ್ಟು ಹಿಡಿದ. ಸುಮಾರು ಎರಡು ಗಂಟೆ ಹೋರಾಟ ನಡೆಯಿತು. ಆಮೇಲೆ ಕೊವೆ ಅವನ ಮೈ ಮುಟ್ಟಲಿಲ್ಲ. ಮನಸ್ಸಿನಲ್ಲಿ ಗುಲಾಮಗಿರಿ ಮುಗಿದದ್ದು ಅಂದು. ಕಾಲಿನಿಂದ ಮುಗಿದದ್ದು 1838ರ ಸೆಪ್ಟೆಂಬರ್ 3ರಂದು. ನಾವಿಕನ ಉಡುಪು ತೊಟ್ಟು, ಸ್ವತಂತ್ರ ಕಪ್ಪು ನಾವಿಕನೊಬ್ಬನ ಕಾಗದ ಜೇಬಿನಲ್ಲಿಟ್ಟು, ಬಾಲ್ಟಿಮೋರಿನಲ್ಲಿ ರೈಲು ಹತ್ತಿ, ಒಂದು ದಿನದೊಳಗೆ ನ್ಯೂಯಾರ್ಕ್ ಮುಟ್ಟಿದರು. ಮನದನ್ನೆ ಆನಾ ಮರೆ ಬಂದು ಸೇರಿದರು, ಮದುವೆಯಾಯಿತು. ಅವರ ನೆರವಿಲ್ಲದೆ ಆ ಪಲಾಯನ ನಡೆಯುತ್ತಿರಲಿಲ್ಲ.

ಮುಂದಿನದು ಹಲವರಿಗೆ ಗೊತ್ತಿರುವ ಚರಿತ್ರೆ. ಭಾಷಣಕಾರರಾದರು. 1845ರಲ್ಲಿ ಆತ್ಮಕಥೆ ಬರೆದು ಒಡೆಯರ ಹೆಸರು, ಊರು ಎಲ್ಲವನ್ನೂ ಬಯಲಿಗಿಟ್ಟರು. ಹಿಡಿದೊಯ್ಯುವ ಭಯವಿದ್ದುದರಿಂದ ಬ್ರಿಟನ್‌ಗೆ ಹೋದರು. ಅಲ್ಲಿನ ಸ್ನೇಹಿತರು 150 ಪೌಂಡ್ ಕೂಡಿಸಿ 1846ರಲ್ಲಿ ಅವರ ಬಿಡುಗಡೆಯ ಪತ್ರ ಕೊಂಡರು. ಮರಳಿ ಬಂದು ರೋಚೆಸ್ಟರ್ ನಗರದಲ್ಲಿ ನಾರ್ತ್ ಸ್ಟಾರ್ ಪತ್ರಿಕೆ ಆರಂಭಿಸಿದರು.

ಓಡಿಬಂದ ಹತ್ತನೇ ವರ್ಷದ ದಿನ, 1848ರ ಸೆಪ್ಟೆಂಬರ್ 3ರಂದು, ಥಾಮಸ್ ಆಲ್ಡ್‌ಗೆ ಬಹಿರಂಗ ಪತ್ರ ಬರೆದರು. ಅದರಲ್ಲಿ ನಯವಿಲ್ಲ. ತನ್ನ ಅಕ್ಕತಂಗಿಯರು, ಅಣ್ಣ ಎಲ್ಲಿ ಎಂದು ಕೇಳಿದರು. ನಿನ್ನ ಮಗಳು ಅಮಾಂಡಾಳನ್ನು ಯಾರಾದರೂ ಹೊತ್ತೊಯ್ದು ಗುಲಾಮಳಾಗಿ ಮಾಡಿದರೆ ಹೇಗಿರುತ್ತದೆ ಎಂದು ಕೇಳಿದರು. ಮುದಿ ಅಜ್ಜಿಯನ್ನು ಕಾಡಿನ ಗುಡಿಸಲಲ್ಲಿ ಸಾಯಲು ಬಿಟ್ಟೆ ಎಂದು ಆರೋಪಿಸಿದರು. ಕೊನೆಯಲ್ಲಿ, ವೈಯಕ್ತಿಕವಾಗಿ ನಿನ್ನ ಮೇಲೆ ದ್ವೇಷವಿಲ್ಲ, ನನ್ನ ಮನೆಯ ಸೂರಿನಡಿ ನೀನು ಸುರಕ್ಷಿತ, ಆದರೆ ಗುಲಾಮಗಿರಿಯನ್ನು ಹೊಡೆಯಲು ನಿನ್ನ ಹೆಸರನ್ನು ಬಳಸುತ್ತಲೇ ಇರುತ್ತೇನೆ ಎಂಬ ಅರ್ಥದಲ್ಲಿ ಬರೆದರು.

ಒಂದು ವರ್ಷ ಕಳೆದ ಮೇಲೆ ಅವರಿಗೊಂದು ಸಂಗತಿ ತಿಳಿಯಿತು. ಅಜ್ಜಿ ಪಾಲಾಗಿ ಹೋದದ್ದು ಥಾಮಸನಿಗಲ್ಲ, ಅವನ ಭಾವಮೈದುನನಿಗೆ. ಆಕೆಯ ಸ್ಥಿತಿ ತಿಳಿದ ಮೇಲೆ ಥಾಮಸನೇ ಆಕೆಯನ್ನು ಕರೆತಂದು ನೋಡಿಕೊಂಡಿದ್ದ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇಷ್ಟು ಕಾಡಿದವನ ಬಗ್ಗೆ ಒಂದು ತಪ್ಪು ಮಾತು ಹೆಚ್ಚಾದರೆ ಏನು ಎಂದು ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡೇವು. ಡಗ್ಲಾಸ್ 1849ರಲ್ಲಿ ಇನ್ನೊಂದು ಬಹಿರಂಗ ಪತ್ರ ಬರೆದು ಆ ಆರೋಪವನ್ನು ವಾಪಸು ಪಡೆದರು. ಉಳಿದ ಆರೋಪಗಳು ನಿಜವಾಗಿದ್ದವು, ಅವು ಉಳಿದವು. ಅಷ್ಟಾಂಗ ಮಾರ್ಗದ ಸಮ್ಮಾ ವಾಚಾ ಓದುವಾಗಲೆಲ್ಲ ನನಗೆ ಈ ಎರಡನೇ ಪತ್ರ ನೆನಪಾಗುತ್ತದೆ.

ಅಂತರ್ಯುದ್ಧ ಬಂತು. ಅವರ ಇಬ್ಬರು ಮಕ್ಕಳು ಕಪ್ಪು ಸೈನಿಕರ ದಳ ಸೇರಿದರು. 1864ರಲ್ಲಿ ಮೇರಿಲ್ಯಾಂಡ್‌ನಲ್ಲಿ ಗುಲಾಮಗಿರಿ ರದ್ದಾದ ಮೇಲೆ ಬಾಲ್ಟಿಮೋರಿಗೆ ಹೋಗಿ ಭಾಷಣ ಮಾಡಿದರು. ಅಕ್ಕ ಎಲಿಜಾ ದೂರದಿಂದ ಬಂದು ತಮ್ಮನನ್ನು ಕಂಡರು. 1865ರಲ್ಲಿ ಇಡೀ ದೇಶದಲ್ಲಿ ಗುಲಾಮಗಿರಿ ಅಳಿಯಿತು. 1867ರಲ್ಲಿ, ಎಂದೋ ಅಗಲಿದ್ದ ಅಣ್ಣ ಪೆರಿ ಹೆಂಡತಿ ಮಕ್ಕಳೊಂದಿಗೆ ಬಂದರು. ಅವರಿಗೆ ಮನೆ ಕಟ್ಟಿಸಿಕೊಟ್ಟರು.

1877ರಲ್ಲಿ ಅಧ್ಯಕ್ಷ ಹೇಯ್ಸ್ ಅವರು ಡಗ್ಲಾಸ್ ಅವರನ್ನು ರಾಜಧಾನಿ ವಾಷಿಂಗ್ಟನ್ನಿನ ಮಾರ್ಷಲ್ ಆಗಿ ನೇಮಿಸಿದರು. ಆ ವರ್ಷದ ಜೂನ್‌ನಲ್ಲಿ, ನಾಲ್ಕು ದಶಕಗಳ ನಂತರ, ಅವರು ಸೇಂಟ್ ಮೈಕಲ್ಸ್‌ಗೆ ಹೋದರು. ಥಾಮಸ್ ಆಲ್ಡ್‌ಗೆ 80 ದಾಟಿತ್ತು. ಮಗಳು ಅಳಿಯನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಡಗ್ಲಾಸ್ ಒಳಗೆ ಬಂದಾಗ ಮುದುಕ ಅವರನ್ನು ಮಾರ್ಷಲ್ ಡಗ್ಲಾಸ್ ಎಂದು ಗೌರವದಿಂದ ಕರೆದ. ಹಿಂದಿನಂತೆ ಫ್ರೆಡರಿಕ್ ಎಂದೇ ಕರೆಯಿರಿ ಎಂದು ಇವರು ಹೇಳಿದರು. ಕೈಕೈ ಹಿಡಿದರು. ಪಾರ್ಶ್ವವಾಯುವಿನಿಂದ ಅವನ ಕೈಗಳು ಬಿಡದೆ ನಡುಗುತ್ತಿದ್ದವು. ಅವನು ಅತ್ತ. ಡಗ್ಲಾಸ್ ಅವರಿಗೂ ಸ್ವಲ್ಪ ಹೊತ್ತು ಗಂಟಲು ಕಟ್ಟಿತು.

ಮಾತಾಡಿದ್ದು ಸುಮಾರು 20 ನಿಮಿಷ. ಅಜ್ಜಿಯ ವಿಷಯದಲ್ಲಿ ತಪ್ಪು ಬರೆದಿದ್ದೆ ಎಂದು ಡಗ್ಲಾಸ್ ಎದುರಿಗೇ ಹೇಳಿದರು. ತಾವು ಓಡಿಹೋದದ್ದರ ಬಗ್ಗೆ ಏನನಿಸಿತು ಎಂದು ಕೇಳಿದರು. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ ಎಂದು ಮುದುಕ ಒಪ್ಪಿಕೊಂಡ. ನಾನು ಓಡಿದ್ದು ನಿಮ್ಮಿಂದಲ್ಲ, ಗುಲಾಮಗಿರಿಯಿಂದ ಎಂದು ಇವರು ತಿಳಿಸಿದರು. ಆಮೇಲೆ ಬದುಕೆಲ್ಲ ಕಾಡಿದ್ದ ಒಂದು ಪ್ರಶ್ನೆ ಕೇಳಿದರು: ನಾನು ಹುಟ್ಟಿದ್ದು ಯಾವಾಗ? ದಿನ ಹೇಳಲಾರೆ, 1818ರ ಫೆಬ್ರವರಿ ಇರಬೇಕು ಎಂದ ಥಾಮಸ್. 59 ವರ್ಷದ ಮಾರ್ಷಲ್ ತನ್ನ ಹುಟ್ಟಿದ ತಿಂಗಳನ್ನು ಒಡೆಯನ ಬಾಯಿಂದ ತಿಳಿಯಬೇಕಾಯಿತು. ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಜೂನ್ 1ರಂದು ಹುಟ್ಟಿದವರ ಸಾಲು ಸಾಲೇ ಇದೆ. ಮೇಷ್ಟ್ರು ಅಂದಾಜಿಗೆ ಬರೆದ ಆ ದಿನಾಂಕದ ಹಿಂದೆ ಏನಿದೆ ಎಂದು ನಮ್ಮ ಹಿರಿಯರಿಗೆ ಗೊತ್ತು.

ಈ ಭೇಟಿ ಅವರ ಜನರಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಒಡೆಯನ ಮುಂದೆ ಬಾಗಿದರೇ ಎಂದು ಕೇಳಿದವರಿದ್ದರು. ಆ ಕೋಪವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅವರು ಹೋದ ಕಾಲವನ್ನು ಗಮನಿಸಿ. ಗುಲಾಮಗಿರಿ ಇರುವವರೆಗೆ ಆ ಮನುಷ್ಯನನ್ನು ನೋಡಲು ಅವರು ಹೋಗಲಿಲ್ಲ, ಅವನ ಹೆಸರು ಹಿಡಿದು ಜಗತ್ತಿಗೆ ಸಾರಿದರು. ಅವನ ಕೈಯಲ್ಲಿ ಚಾವಟಿಯೂ ಕಾಯಿದೆಯೂ ಇಲ್ಲದೆ ಇಬ್ಬರೂ ಸಮನೆಲದಲ್ಲಿ ನಿಂತ ಮೇಲೆ, ತಾವಾಗಿ ಹೋದರು. ಹುಟ್ಟು, ಪಾಲನೆ, ಕಾಯಿದೆ, ರೂಢಿ ಇವೆಲ್ಲ ಸೇರಿ ಥಾಮಸನನ್ನು ಒಡೆಯನನ್ನಾಗಿ ಮಾಡಿದ್ದವು ಎಂಬುದು ಆಗ ಅವರ ತಿಳಿವಳಿಕೆಯಾಗಿತ್ತು. ಹೇತುವಿನಿಂದ ಫಲ ಎಂದು ಬುದ್ಧರು ತೋರಿಸಿದ ದೃಷ್ಟಿಯೂ ಇದಕ್ಕೆ ದೂರದ್ದಲ್ಲ. ಯಮಕ ವಗ್ಗದಲ್ಲಿ ವೈರದ ಬಗ್ಗೆ ಇರುವ ಗಾಥೆಯನ್ನು ಶರಣಾಗತಿಯ ಪಾಠವೆಂದು ಓದುವವರಿಗೆ ಡಗ್ಲಾಸ್ ಅವರ ಮುಂದಿನ ವರ್ಷಗಳು ಉತ್ತರ ಕೊಡುತ್ತವೆ.

1880ರಲ್ಲಿ ಥಾಮಸ್ ತೀರಿಕೊಂಡ. 1881ರಲ್ಲಿ ಡಗ್ಲಾಸ್ ತಮ್ಮ ಬದುಕನ್ನು ಮತ್ತೆ ಬರೆದಾಗ ಆ ಭೇಟಿಯನ್ನು ಬರೆದರು. ಹಸಿವನ್ನೂ ಕೊವೆಯ ಹೊಲವನ್ನೂ ತೆಗೆದುಹಾಕಲಿಲ್ಲ. 1883ರಲ್ಲಿ ಸುಪ್ರೀಂ ಕೋರ್ಟ್ ನಾಗರಿಕ ಹಕ್ಕುಗಳ ಕಾಯಿದೆಯನ್ನು ತಳ್ಳಿಹಾಕಿದಾಗ ವಾಷಿಂಗ್ಟನ್ನಿನಲ್ಲಿ ನಿಂತು ಖಂಡಿಸಿದರು. ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುತ್ತಿದ್ದ ಅನಾಚಾರದ ವಿರುದ್ಧ ಐಡಾ ಬಿ. ವೆಲ್ಸ್ ಎಂಬ ತರುಣಿ ಬರೆಯುತ್ತಿದ್ದಾಗ ಆಕೆಯ ಬೆಂಬಲಕ್ಕೆ ನಿಂತರು, 1894ರಲ್ಲಿ ತಾವೇ ಅದರ ಬಗ್ಗೆ ದೀರ್ಘ ಉಪನ್ಯಾಸ ಕೊಟ್ಟರು.

1895ರ ಫೆಬ್ರವರಿ 20ರಂದು ಅವರು ಹಗಲು ಮಹಿಳೆಯರ ಹಕ್ಕಿನ ಸಭೆಯಲ್ಲಿ ಕೂತು ಬಂದಿದ್ದರು. ಸಂಜೆ ಮನೆಯಲ್ಲಿ ಆ ಸಭೆಯ ವಿಷಯವನ್ನು ಹೆಂಡತಿಗೆ ಹೇಳುತ್ತಿರುವಾಗಲೇ ಕುಸಿದು ಕೊನೆಯುಸಿರೆಳೆದರು. ಇಲ್ಲಿ ನಮ್ಮ ದೇಶದಲ್ಲಿ ಭೀಮರಾವ್ ಎಂಬ ಮಗುವಿಗೆ ಆಗ ಇನ್ನೂ ನಾಲ್ಕು ತುಂಬಿರಲಿಲ್ಲ.