ಕಿಂಗ್ ಜಿಲೆಟ್: ಎಸೆಯುವ ಅಲಗು, ಉಳಿಯುವ ಹಿತ್ತಾಳೆ

ಬ್ಲೇಡಿನ ಹೊದಿಕೆಯ ಮೇಲೆ ದಪ್ಪ ಮೀಸೆಯ ಗೃಹಸ್ಥರೊಬ್ಬರ ಚಿತ್ರ ಅಚ್ಚಾಗುತ್ತಿದ್ದ ಕಾಲವೊಂದಿತ್ತು. ಅವರ ಹೆಸರು ಕಿಂಗ್ ಕ್ಯಾಂಪ್ ಜಿಲೆಟ್. ಕಿಂಗ್ ಎಂಬುದು ಬಿರುದಲ್ಲ, ಇಟ್ಟ ಹೆಸರೇ ಅದು. ಸೇಫ್ಟಿ ರೇಜರನ್ನು ಮೊದಲು ಕಂಡುಹಿಡಿದವರು ಇವರೇ ಎಂಬ ಮಾತು ರೂಢಿಯಲ್ಲಿದೆ. ಅದು ಪೂರ್ತಿ ನಿಜವಲ್ಲ. ಕಾಂಫೆ ಸೋದರರು 1880ರಲ್ಲೇ ಅಮೆರಿಕದಲ್ಲಿ ಅಂಥದೊಂದು ರೇಜರಿಗೆ ಪೇಟೆಂಟ್ ಪಡೆದಿದ್ದರು. ಆದರೆ ಅದರ ಅಲಗು ದಪ್ಪನಾದದ್ದು. ನಾವಿದನ ಕತ್ತಿಯಂತೆ ಅದನ್ನೂ ಚಕ್ಕಳದ ಪಟ್ಟಿಗೆ ತೀಡಬೇಕಿತ್ತು, ಸಾಣೆ ಹಿಡಿಸಬೇಕಿತ್ತು. ಆ ಸಾಣೆಯ ಕಾಟವನ್ನು ತಪ್ಪಿಸಿದ್ದೇ ಜಿಲೆಟ್ ಅವರ ಸಾಧನೆ.

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ವಿಸ್ಕಾನ್ಸಿನ್ ಪ್ರಾಂತದ ಫಾನ್ ಡು ಲಾಕ್ ಎಂಬ ಊರಿನಲ್ಲಿ. ಬೆಳೆದದ್ದು ಷಿಕಾಗೋದಲ್ಲಿ. 1871ರ ಮಹಾ ಅಗ್ನಿದುರಂತದಲ್ಲಿ ಕುಟುಂಬದ ಆಸ್ತಿಯೆಲ್ಲ ಬೂದಿಯಾಯಿತು. ಹದಿನಾರರ ಹುಡುಗ ದುಡಿಮೆಗೆ ಇಳಿಯಬೇಕಾಯಿತು. ಮುಂದೆ ಊರೂರು ತಿರುಗಿ ಸರಕು ಮಾರುವುದೇ ಅವರ ಕಸುಬಾಯಿತು. ತಾಯಿ ಫ್ಯಾನಿ ಅವರು 1887ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕ ಅಮೆರಿಕದ ಮನೆಮನೆಯಲ್ಲಿ ಹೆಸರಾಯಿತು. ಮಗನಿಗೆ ಮಾತ್ರ ನಲವತ್ತು ತುಂಬಿದರೂ ಹೇಳಿಕೊಳ್ಳುವಂಥದ್ದೇನೂ ಕೈಗೂಡಿರಲಿಲ್ಲ.

ದಾರಿ ತೋರಿದವರು ಅವರ ಧಣಿ ವಿಲಿಯಂ ಪೇಂಟರ್. ಸೋಡಾ ಬಾಟಲಿಗಳ ಬಾಯಿಗೆ ಬಿಗಿಯುವ, ತೆರೆದೊಡನೆ ಎಸೆದುಬಿಡುವ ತಗಡಿನ ಮುಚ್ಚಳವನ್ನು ರೂಪಿಸಿದವರು ಅವರು. ಒಮ್ಮೆ ಬಳಸಿ ಬಿಸುಟು ಜನ ಮತ್ತೆ ಕೊಳ್ಳುವಂಥದ್ದೇನನ್ನಾದರೂ ಹುಡುಕು ಎಂಬ ಅವರ ಸಲಹೆ ಜಿಲೆಟ್ ಅವರ ತಲೆಯಲ್ಲಿ ಗುಂಗಿಹುಳದಂತೆ ಕೊರೆಯತೊಡಗಿತು. 1895ರ ಒಂದು ಬೆಳಿಗ್ಗೆ ಬಾಸ್ಟನ್ ಬಳಿಯ ಬ್ರೂಕ್ಲಿನ್‌ನಲ್ಲಿ ಕ್ಷೌರಕ್ಕೆ ನಿಂತಾಗ ಕತ್ತಿ ಮೊಂಡಾಗಿತ್ತು. ಕೊಯ್ಯುವುದು ಅಂಚು ಮಾತ್ರ. ಉಳಿದ ಉಕ್ಕೆಲ್ಲ ಆ ಅಂಚಿಗೆ ಆಸರೆ. ಹಾಗಾದರೆ ತೆಳು ತಗಡಿಗೇ ಎರಡು ಅಂಚು ಮಸೆದು, ಆಸರೆಯ ಕೆಲಸವನ್ನು ಬೇರೊಂದು ಲೋಹಕ್ಕೆ ಒಪ್ಪಿಸಿದರೇನು? ಇಡೀ ರೇಜರು ಈ ಒಂದು ಯೋಚನೆಯಲ್ಲಿ ಅಡಗಿದೆ.

ಯೋಚನೆ ಕ್ಷಣದ್ದು, ಕಾರ್ಯ ವರ್ಷಗಳದ್ದು. ತೆಳು ತಗಡನ್ನು ಕಾಸಿ ಅದ್ದಿದರೆ ಅದು ಸೊಟ್ಟಗಾಗುತ್ತದೆ. ಕಾಸದೆ ಬಿಟ್ಟರೆ ಅಂಚು ನಿಲ್ಲುವುದಿಲ್ಲ. ಬಾಸ್ಟನ್ನಿನ ಲೋಹತಜ್ಞರು ಇದು ಆಗದ ಕೆಲಸವೆಂದು ಕೈಚೆಲ್ಲಿದರು. ತಂತ್ರವಿದ್ಯೆ ಓದಿರದ ಜಿಲೆಟ್ ಅವರಿಗೆ ಆ ಕಷ್ಟದ ಆಳ ತಿಳಿದಿರಲಿಲ್ಲ. ತಿಳಿದಿದ್ದರೆ ಬಹುಶಃ ಕೈಬಿಡುತ್ತಿದ್ದರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕಲಿತ ವಿಲಿಯಂ ನಿಕರ್ಸನ್ 1901ರಲ್ಲಿ ಜೊತೆಗೂಡಿದ ಮೇಲೆ ತಗಡಿಗೆ ಹದ ಕೊಡುವ ವಿಧಾನವೂ ಅಂಚು ಮಸೆಯುವ ಯಂತ್ರವೂ ಸಿದ್ಧವಾದವು. ಅದೇ ವರ್ಷ ಕಂಪನಿ ಹುಟ್ಟಿತು. ಮಾರಾಟ ತೊಡಗಿದ 1903ರಲ್ಲಿ ಹೋದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ ತೊಂಬತ್ತು ಸಾವಿರ ದಾಟಿತು. 1904ರ ನವೆಂಬರ್ 15ರಂದು ಪೇಟೆಂಟೂ ದೊರೆಯಿತು.

ಇಲ್ಲಿ ಬ್ಲೇಡಿನಷ್ಟೇ ಗಮನಿಸಬೇಕಾದದ್ದು ಅದನ್ನು ಹಿಡಿದ ಲೋಹ. ಹಾಳೆಯಷ್ಟು ತೆಳ್ಳಗಿನ ಬ್ಲೇಡಿಗೆ ಸ್ವಂತ ಬಲವಿಲ್ಲ. ಮೇಲಿನ ಬಾಗಿದ ಟೋಪಿಗೂ ಕೆಳಗಿನ ಹಲ್ಲುಪಟ್ಟಿಗೂ ನಡುವೆ ಬಿಗಿದಾಗ ಅದು ಬಿಲ್ಲಿನಂತೆ ಬಾಗಿ ಗಡುಸಾಗುತ್ತದೆ. ಹಿಡಿತ ಕೂದಲೆಳೆಯಷ್ಟು ಸಡಿಲವಾದರೂ ಅಂಚು ಅದುರುತ್ತದೆ, ಕೂದಲನ್ನು ಕೊಯ್ಯದೆ ಜಗ್ಗುತ್ತದೆ, ಕೆನ್ನೆ ಉರಿಯುತ್ತದೆ. ಆದ್ದರಿಂದಲೇ ಹಿತ್ತಾಳೆಯ ಆಯ್ಕೆ ಸರಿಯಾಗಿತ್ತು. ಕರಾರುವಾಕ್ಕಾಗಿ ಕಡೆಯಲು ಬರುವ, ಸೋಪಿನ ನೀರಿಗೆ ತುಕ್ಕು ಹಿಡಿಯದ ಲೋಹ ಅದು. ತೂಕವೂ ಹದವಾದದ್ದು, ಕೈಯಿಂದ ಒತ್ತುವ ಅಗತ್ಯ ಕಡಿಮೆಯಾಗುತ್ತದೆ. ಒತ್ತಿದವನ ಮುಖವೇ ಹೆಚ್ಚು ಕೆರೆಯುವುದು.

ಆ ಹಿತ್ತಾಳೆಗೆ ಬೆಳ್ಳಿಯ ಲೇಪ ಕೊಟ್ಟರು. ಇದು ಬರಿಯ ಶೋಕಿಯಲ್ಲ. ಬರಿ ಹಿತ್ತಾಳೆ ಮಾಸಿ ಕಿಲುಬುಗಟ್ಟುತ್ತದೆ. ನಯವಾದ ಲೇಪ ನೊರೆಯ ಮೇಲೆ ಜಾರುತ್ತದೆ, ತೊಳೆಯಲೂ ಸುಲಭ. ಬೆಳ್ಳಿ ಕ್ರಮೇಣ ಕಪ್ಪಾಗುತ್ತದೆ, ನಿಕ್ಕಲ್ ಗಟ್ಟಿಯಾಗಿ ಬಾಳುತ್ತದೆ, ಚಿನ್ನ ಮಾಸದಿದ್ದರೂ ಮೆದುವಾದ್ದರಿಂದ ಉಜ್ಜಿದಲ್ಲಿ ಸವೆಯುತ್ತದೆ. ಉಳ್ಳವರಿಗೆ ಚಿನ್ನದ ಲೇಪದ್ದೂ ಇತ್ತು. (ನಮ್ಮ ಗಿಲೀಟು ಎಂಬ ಮಾತಿಗೂ ಜಿಲೆಟ್ ಮನೆತನಕ್ಕೂ ನಂಟಿಲ್ಲ, ಹೊಂದಿಕೆ ಮಾತ್ರ ಸೊಗಸಾಗಿದೆ.) ಹಿಡಿಯ ಮೇಲೆ ಮಾತ್ರ ನುಣುಪು ಸಲ್ಲದು, ಒದ್ದೆ ಬೆರಳಿಗೆ ಹಿಡಿತ ಸಿಗಲೆಂದು ಅಲ್ಲಿ ಗೀರುಗಳನ್ನು ಕೊರೆಯುತ್ತಿದ್ದರು. ಆದರೂ ಒಂದು ಮಾತು ಹೇಳಲೇಬೇಕು. ಕ್ಷೌರದ ಹಿತವನ್ನು ನಿರ್ಣಯಿಸುವುದರಲ್ಲಿ ಹೊಳಪಿನ ಪಾಲು ಸಣ್ಣದು, ಬಿಗಿತದ ನಿಖರತೆಯ ಪಾಲು ದೊಡ್ಡದು. ಇಂದಿನ ಅಗ್ಗದ ಸತು ಮಿಶ್ರಲೋಹದ ರೇಜರುಗಳಿಗೂ ಕ್ರೋಮಿಯಂ ಥಳಕು ಇದ್ದೇ ಇರುತ್ತದೆ. ಲೇಪ ಬಿರುಕುಬಿಟ್ಟಲ್ಲಿ ಒಳಲೋಹ ತಿನ್ನಲ್ಪಡುತ್ತದೆ.

ರೇಜರನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಹಣ ಮಾಡಿದರು ಎಂಬ ಕಥೆ ವ್ಯಾಪಾರಶಾಸ್ತ್ರದ ಪಾಠಗಳಲ್ಲಿ ಸೇರಿಹೋಗಿದೆ. ವಾಸ್ತವ ಬೇರೆ. ಆರಂಭದಿಂದಲೂ ರೇಜರಿನ ಬೆಲೆ 5 ಡಾಲರ್. ಆ ಕಾಲದ ಕೂಲಿಯವನಿಗೆ ಅದು ದೊಡ್ಡ ಮೊತ್ತ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆಂದು ಸರ್ಕಾರ 35 ಲಕ್ಷ ರೇಜರುಗಳನ್ನು ಕೊಂಡಿತು. ಯುವಕರ ಒಂದು ಪೀಳಿಗೆಗೆ ಸ್ವಕ್ಷೌರ ರೂಢಿಯಾಯಿತು. 1921ರಲ್ಲಿ ಪೇಟೆಂಟ್ ಮುಗಿದ ಮೇಲೆಯೇ ಹಳೆಯ ಮಾದರಿ ಒಂದು ಡಾಲರಿಗೆ ಇಳಿದದ್ದು. ಅದೇ ವರ್ಷ ಬಂದ ಹೊಸ ಮಾದರಿ ಬ್ಲೇಡನ್ನು ಅಂಚಿನ ಸಮೀಪದಲ್ಲೇ ಬಿಗಿಹಿಡಿಯುತ್ತಿತ್ತು. ಅದರ ಬೆಲೆ ಮತ್ತೆ 5 ಡಾಲರ್.

ವಿಚಿತ್ರವೆಂದರೆ, ಇಷ್ಟು ದೊಡ್ಡ ವ್ಯಾಪಾರಿ ಪೈಪೋಟಿಯ ವ್ಯಾಪಾರವನ್ನೇ ಒಪ್ಪದವರು. ಜಗತ್ತಿನ ಉತ್ಪಾದನೆಯೆಲ್ಲ ಜನರ ಒಡೆತನದ ಒಂದೇ ಸಂಸ್ಥೆಯ ಕೈಯಲ್ಲಿರಬೇಕು, ನಯಾಗರದ ಜಲಶಕ್ತಿಯಿಂದ ಬೆಳಗುವ ಒಂದೇ ಮಹಾನಗರದಲ್ಲಿ ಜನ ಬಾಳಬೇಕು ಎಂದು 1894ರಲ್ಲೇ ಪುಸ್ತಕ ಬರೆದಿದ್ದರು. 1910ರಲ್ಲಿ ಇಂಥ ಸಂಸ್ಥೆಯ ಅಧ್ಯಕ್ಷರಾಗಲು ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗೆ ಹತ್ತು ಲಕ್ಷ ಡಾಲರ್ ಕೊಡಲು ಮುಂದಾದರು, ರೂಸ್‌ವೆಲ್ಟ್ ಒಲ್ಲೆನೆಂದರು. ಅಷ್ಟರಲ್ಲಿ ಸ್ವಂತ ಕಂಪನಿಯ ಹಿಡಿತ ಪಾಲುದಾರ ಜಾನ್ ಜಾಯ್ಸ್ ಕೈಸೇರಿತ್ತು. ಹೊದಿಕೆಯ ಮೇಲಿನ ಚಿತ್ರವೂ ಅಧ್ಯಕ್ಷರೆಂಬ ಹೆಸರೂ ಅವರಿಗೆ ಉಳಿದವು.

ಕೊನೆಯ ದಿನಗಳು ಸುಖದವಲ್ಲ. 1930ರಲ್ಲಿ ಎದುರಾಳಿ ಆಟೋಸ್ಟ್ರಾಪ್ ಕಂಪನಿಯೊಡನೆ ವಿಲೀನವಾಗುವಾಗ ಲಾಭವನ್ನು ಹಿಗ್ಗಿಸಿ ತೋರಿಸಿದ್ದ ಲೆಕ್ಕಗಳು ಬಯಲಾದವು. ಆರ್ಥಿಕ ಕುಸಿತ ಅವರ ಸಂಪತ್ತಿನ ಬಹುಪಾಲನ್ನು ನುಂಗಿತು. ಬ್ಲೇಡುಗಳ ಗುಣಮಟ್ಟವೂ ಕುಸಿದು, 1932ರಲ್ಲಿ ಕಂಪನಿ ಜಾಹೀರಾತಿನಲ್ಲೇ ಅದನ್ನು ಒಪ್ಪಿಕೊಂಡು ನೀಲಿ ಬಣ್ಣದ ಹೊಸ ಬ್ಲೇಡನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಜುಲೈ 9ರಂದು ಕ್ಯಾಲಿಫೋರ್ನಿಯದಲ್ಲಿ ಜಿಲೆಟ್ ತೀರಿಕೊಂಡರು. ತುಕ್ಕು ಹಿಡಿಯದ ಉಕ್ಕಿನ ಬ್ಲೇಡು ಪ್ರಚಾರಕ್ಕೆ ಬಂದದ್ದು 1960ರ ದಶಕದಲ್ಲಿ.

1904ರ ರೇಜರುಗಳು ಸಂಗ್ರಾಹಕರ ಬಳಿ ಈಗಲೂ ಇವೆ. ಕೆಲವುದರಲ್ಲಿ ಬೆಳ್ಳಿ ಸವೆದು ಹಿತ್ತಾಳೆಯ ಹಳದಿ ಇಣುಕುತ್ತದೆ. ಹಲ್ಲುಪಟ್ಟಿ ಬಾಗಿರದಿದ್ದರೆ, ಇಂದು ಅಂಗಡಿಯಲ್ಲಿ ಸಿಗುವ ಎರಡಲಗಿನ ಬ್ಲೇಡು ಅದರಲ್ಲಿ ಸರಿಯಾಗಿ ಕೂರುತ್ತದೆ.