ಸಾಯುವವರ ಸಂಗಾತಿ ಸಂತ ಕಮಿಲಸ್

ಜುಲೈ 14ರಂದು ನಾವು ನೆನೆಯುವ ಸಂತ ಕಮಿಲಸ್ ದೆ ಲೆಲ್ಲಿಸ್ 1550ರಲ್ಲಿ ಇಟಲಿಯ ಬುಕ್ಕಿಯಾನಿಕೊದಲ್ಲಿ ಹುಟ್ಟಿದರು. ಆರೂವರೆ ಅಡಿ ಎತ್ತರದ ಸಿಪಾಯಿ, ಮಹಾ ಜೂಜುಕೋರ. ಕಾಲಿನ ಹುಣ್ಣಿಗೆಂದು ರೋಮಿನ ಸಂತ ಯಾಕೋಬರ ಆಸ್ಪತ್ರೆ ಸೇರಿ, ಅಲ್ಲಿಯೂ ಜೂಜಾಡಿ ಹೊರಬಿದ್ದರು. 1575ರಲ್ಲಿ ಮನಪರಿವರ್ತನೆಯಾಗಿ ಕಪುಚಿನ್ ಸಭೆಗೆ ಹೋದರೆ, ಅದೇ ಹುಣ್ಣು ಅವರನ್ನು ಅಲ್ಲಿಂದಲೂ ಹೊರಡಿಸಿತು.

ಮತ್ತೆ ಅದೇ ಆಸ್ಪತ್ರೆಗೆ ಬಂದು ಸೇವೆಗೆ ನಿಂತರು. ಅಲ್ಲಿದ್ದವರು ವಾಸಿಯಾಗದ ರೋಗಿಗಳು. ಸಂಬಳದ ಆಳುಗಳು ಅವರನ್ನು ಸರಿಯಾಗಿ ನೋಡುತ್ತಿರಲಿಲ್ಲ. ಕಮಿಲಸರು ತಾವೇ ತೊಳೆದರು, ಉಣಿಸಿದರು. 1584ರಲ್ಲಿ ಗುರುದೀಕ್ಷೆ ಪಡೆದು, ರೋಗಿಗಳ ಸೇವೆಗೆಂದೇ ಕೆಂಪು ಶಿಲುಬೆಯ ಸಭೆಯನ್ನು ಕಟ್ಟಿದರು. ಉಸಿರು ನಿಂತಂತೆ ಕಂಡರೂ ಕೂಡಲೇ ಮುಖ ಮುಚ್ಚಬಾರದು, ಇನ್ನೂ ಸ್ವಲ್ಪ ಹೊತ್ತು ಪಕ್ಕದಲ್ಲಿದ್ದು ಪ್ರಾರ್ಥಿಸಬೇಕು ಎಂಬುದು ಅವರ ಕಟ್ಟಪ್ಪಣೆ.

ನೋವು ಕಳೆಯುವ ಒಳ್ಳೆಯ ಮದ್ದು ಆಗ ಅವರ ಕೈಯಲ್ಲಿರಲಿಲ್ಲ. ಇಂದು ಇದೆ. ಆದರೂ ಮನೆಯಲ್ಲಿ ಕ್ಯಾನ್ಸರ್ ರೋಗಿ ನರಳುತ್ತಿದ್ದರೆ ಮಾರ್ಫಿನ್ ಕೊಡಿಸಲು ನಾವು ಅಂಜುತ್ತೇವೆ, ದಯಾಮರಣದ ಪಾಪ ತಟ್ಟೀತೆಂದು. ಈ ಅಂಜಿಕೆ ಬೇಡ. ಜಗದ್ಗುರು 12ನೆಯ ಪಿಯುಸರು 1957ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಬೇರೆ ದಾರಿ ಇಲ್ಲದಾಗ ನೋವು ತಗ್ಗಿಸಲು ಕೊಟ್ಟ ಮದ್ದಿನಿಂದ ಆಯುಸ್ಸು ತುಸು ಕುಗ್ಗಿದರೂ ಅದು ಸಮ್ಮತ. ಪ್ರಾಣ ತೆಗೆಯಲೆಂದೇ ಕೊಡುವುದು ಬೇರೆ ಮಾತು. ಅದಕ್ಕೆ ಧರ್ಮಸಭೆಯ ಒಪ್ಪಿಗೆಯಿಲ್ಲ.

ಕಮಿಲಸರ ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ನಿಲ್ಲಲಾಗದ ದಿನಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ತೆವಳಿಕೊಂಡು ಹೋಗಿ ರೋಗಿಗಳನ್ನು ವಿಚಾರಿಸುತ್ತಿದ್ದರು. 1614ರಲ್ಲಿ ರೋಮಿನಲ್ಲಿ ತೀರಿಕೊಂಡರು.