ಲೂಸಿ ವಿಲ್ಸ್ ಮತ್ತು ಬಸುರಿಯರ ರಕ್ತಹೀನತೆ

ನಮ್ಮ ಗಾಜಿಪುರದಲ್ಲೂ ಬಸುರಿಯರಿಗೆ ಸರ್ಕಾರದ ಕೆಂಪು ಮಾತ್ರೆ ಕೊಡ್ತಾರೆ. ಎಲ್ಲರೂ ಅದನ್ನು ಐರನ್ ಮಾತ್ರೆ ಅಂತಾರೆ. ಆದರೆ ಅದರಲ್ಲಿ ಫೋಲಿಕ್ ಆಸಿಡ್ ಕೂಡ ಇದೆ. ಅದರ ದಾರಿ ತೋರಿಸಿದವರು ಲೂಸಿ ವಿಲ್ಸ್.

1888ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಸಿ, ಕೇಂಬ್ರಿಡ್ಜಿನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ, ಆಮೇಲೆ ಲಂಡನ್ನಿನಲ್ಲಿ ಡಾಕ್ಟರ್ ಆದರು. 1928ರಲ್ಲಿ ಬಾಂಬೆಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯೋ ಬಡ ಬಸುರಿಯರಿಗೆ ಜೀವಕ್ಕೇ ಅಪಾಯ ತರುವಂಥ ರಕ್ತಹೀನತೆ ಇತ್ತು. ಕಬ್ಬಿಣಾಂಶ ಕಡಿಮೆಯಾದ್ರೆ ಕೆಂಪು ರಕ್ತಕಣ ಚಿಕ್ಕದಾಗುತ್ತೆ. ಈ ಹೆಂಗಸರ ರಕ್ತಕಣ ಮಾತ್ರ ದೊಡ್ಡದಾಗಿತ್ತು. ಅಂದ್ರೆ ಕೊರತೆ ಬೇರೆಯದೇ!

ಲೂಸಿ ಅವರ ಊಟ ಗಮನಿಸಿದರು, ಇಲಿ, ಮಂಗಗಳ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ಯೀಸ್ಟಿನಿಂದ ಮಾಡಿದ ಅಗ್ಗದ ಮಾರ್ಮೈಟ್ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. ಇದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶ ಫೋಲಿಕ್ ಆಸಿಡ್ ಅಂತ 1940ರ ದಶಕದಲ್ಲಿ ಗೊತ್ತಾಯ್ತು. ಲೂಸಿ 1964ರಲ್ಲಿ ತೀರಿಕೊಂಡರು.

ಸ್ನೇಹಿತರೆ, ಸಿಬಿಸಿ ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲಿದೆ. ಅದೇ ರಕ್ತಕಣದ ಸೈಜು. ಮನೆಯಲ್ಲಿ ಅಕ್ಕನಿಗೋ ಅಮ್ಮನಿಗೋ ಹಿಮೋಗ್ಲೋಬಿನ್ ಕಡಿಮೆ ಬಂದ್ರೆ ಆ ಸಾಲನ್ನೂ ನೋಡಿ, ಡಾಕ್ಟರ್ ಹತ್ರ ಕೇಳಿ.